ಮರದ ಮೇಲಿನ ಫಸಲು

ಕಳೆದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ನ್ಯಾಮತಿಯಿಂದ ನನ್ನ ಅಣ್ಣನ ಮಗಳು ಚನ್ನಗಿರಿಗೆ ಬಂದಳು. ಜೊತೆಗೆ ಅವಳ ಮಗಳು, ಹದಿಮೂರು ವರ್ಷದ ಹುಡುಗಿ. ಬಾಗಿಲಲ್ಲಿ ನಿಂತಾಗಲೇ ತಾಯಿಗಿಂತ ಮಗಳ ತಲೆ ಎರಡು ಬೆರಳು ಮೇಲಿತ್ತು. ನೀರು ಕುಡಿದು, ಸೆರಗಿನಲ್ಲಿ ಮುಖ ಒರೆಸಿಕೊಂಡು, ಅಣ್ಣನ ಮಗಳು ಚೀಲದಿಂದ ಒಂದು ಕಾಗದ ತೆಗೆದು ನನ್ನ ಮುಂದಿಟ್ಟಳು. ದೂರದ ಊರಿನ ಕ್ರೀಡಾ ವಸತಿ ನಿಲಯವೊಂದಕ್ಕೆ ಹುಡುಗಿ ವಾಲಿಬಾಲ್‌ಗೆ ಆಯ್ಕೆಯಾಗಿದ್ದಳು. ಜೂನ್ ಹೊತ್ತಿಗೆ ಕಳಿಸಬೇಕು. ಊಟ, ಬಟ್ಟೆ, ಶಾಲೆ ಎಲ್ಲ ಅವರದೇ.

"ಕಳಿಸಲೋ ಬೇಡವೋ ಹೇಳು ಅತ್ತೆ. ನೀನು ಹೇಳಿದಂಗೆ ಮಾಡ್ತೀನಿ" ಅಂದಳು.

ಇಂಥ ಮಾತು ಕೇಳಿದರೆ ನನಗೆ ಭಯವಾಗುತ್ತದೆ. ನಮಗೆ ವಯಸ್ಸಾಯಿತು ಎಂಬ ಒಂದೇ ಕಾರಣಕ್ಕೆ ನಮ್ಮ ಬಾಯಿಂದ ಬಂದದ್ದು ಸರಿಯೇ ಇರುತ್ತದೆ ಎಂದು ಮಕ್ಕಳು ತಿಳಿಯುತ್ತಾರೆ. ನಾನೋ, ಗಾದೆಗಳನ್ನು ನೆನೆದುಕೊಂಡೆ. ಗಾದೆಗಳೂ ಆ ದಿನ ಕೈಕೊಟ್ಟವು. ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆ ಎನ್ನುವವರು ನಮ್ಮವರೇ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬೇಡ ಎನ್ನುವವರೂ ನಮ್ಮವರೇ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂದು ಒಬ್ಬ ಅಜ್ಜಿ ಅಂದರೆ, ತಾಳಿದವನು ಬಾಳಿಯಾನು ಎಂದು ಇನ್ನೊಬ್ಬ ಅಜ್ಜಿ ಅನ್ನುತ್ತಾಳೆ. ಇಬ್ಬರೂ ಅನುಭವಸ್ಥರೇ. ಹಾಗಾದರೆ ಎಳೆಯದನ್ನು ನೋಡಿ, ಇದು ಮುಂದೆ ಹೀಗಾಗುತ್ತದೆ ಎಂದು ಈಗಲೇ ಆರಿಸಿಕೊಂಡುಬಿಡುವುದು ಸರಿಯೋ ತಪ್ಪೋ?

ಆ ದಿನ ನಾನು ಉತ್ತರ ಹೇಳಲಿಲ್ಲ. ಎರಡು ದಿನ ಇಲ್ಲೇ ಇರಿ, ಯೋಚಿಸೋಣ ಅಂದೆ. ಯೋಚಿಸಲು ನನಗೆ ಬೇರೆ ಕಾರಣಗಳೂ ಇದ್ದವು. ಅವನ್ನು ಆಮೇಲೆ ಹೇಳುತ್ತೇನೆ.

ಚನ್ನಗಿರಿ ಅಡಿಕೆಯ ಊರು. ಇಲ್ಲಿ ಹುಟ್ಟಿ ಬೆಳೆದವರಿಗೆ ಖೇಣಿ ಎಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ಬೇರೆ ಕಡೆಯ ಓದುಗರಿಗಾಗಿ ಹೇಳುತ್ತೇನೆ. ಅಡಿಕೆ ಇನ್ನೂ ಹಸಿರಾಗಿ ಮರದ ಮೇಲಿರುವಾಗಲೇ ಖೇಣಿದಾರ ತೋಟಕ್ಕೆ ಬರುತ್ತಾನೆ. ಕತ್ತೆತ್ತಿ ಗೊನೆಗಳನ್ನು ನೋಡುತ್ತಾ ಸಾಲುಗಳ ನಡುವೆ ನಡೆಯುತ್ತಾನೆ. ಬಾಯಲ್ಲಿ ಏನೂ ಹೇಳುವುದಿಲ್ಲ, ಮನಸ್ಸಿನಲ್ಲೇ ಲೆಕ್ಕ. ಕೊನೆಗೆ ಬಾವಿಕಟ್ಟೆಯ ಹತ್ತಿರ ಬಂದು, ಈ ವರ್ಷದ ಫಸಲಿಗೆ ಇಷ್ಟು ಎನ್ನುತ್ತಾನೆ. ಒಪ್ಪಿದರೆ ಮುಂಗಡ ಎಣಿಸುತ್ತಾನೆ. ಆಮೇಲೆ ಕೊಯ್ಯುವುದು, ಸುಲಿಯುವುದು, ಬೇಯಿಸುವುದು, ಒಣಗಿಸುವುದು ಎಲ್ಲ ಅವನ ತಲೆನೋವು. ಹರಳು ಉದುರಿದರೆ, ಕಾಯಿ ಒಡೆದರೆ ನಷ್ಟ ಅವನದು. ಪೇಟೆಯಲ್ಲಿ ಧಾರಣೆ ಏರಿದರೆ ಲಾಭವೂ ಅವನದೇ.

ಖೇಣಿದಾರನನ್ನು ಕೆಟ್ಟವನೆಂದು ನಾನು ಎಂದೂ ಅಂದವಳಲ್ಲ. ನನ್ನ ಮಗಳ ಮದುವೆಯ ವರ್ಷ ನಮ್ಮ ತೋಟವನ್ನೂ ಖೇಣಿಗೆ ಕೊಟ್ಟಿದ್ದೆವು. ಆ ಮುಂಗಡ ಸಿಗದಿದ್ದರೆ ಛತ್ರಕ್ಕೆ ಹಣ ಕಟ್ಟಲು ನನ್ನ ಬಳೆ ಅಡವಿಡಬೇಕಾಗುತ್ತಿತ್ತು. ಆದರೆ ಒಂದು ಮಾತು ಇದೆ. ಖೇಣಿದಾರ ನೋಡುವುದು ಗೊನೆಯನ್ನು. ಬುಡಕ್ಕೆ ಗೊಬ್ಬರ ಬಿತ್ತೇ, ಬೇರಿಗೆ ನೀರು ನಿಂತಿತೇ ಎಂಬುದು ಅವನ ವಿಚಾರವಲ್ಲ. ಅವನ ಒಪ್ಪಂದ ಒಂದು ವರ್ಷದ್ದು.

ಆ ಎರಡು ದಿನಗಳಲ್ಲಿ ನನ್ನ ತಲೆಯೊಳಗೆ ಈ ಖೇಣಿದಾರನೇ ತಿರುಗುತ್ತಿದ್ದ. ಯಾಕೆಂದರೆ ನಮ್ಮ ಮನೆಯ ಗಂಡಸರು ಟಿ.ವಿ. ಮುಂದೆ ಕೂತು ನೋಡುವ ಕ್ರಿಕೆಟ್ ಹರಾಜಿಗೂ ಇದಕ್ಕೂ ನನಗೆ ಹೆಚ್ಚು ವ್ಯತ್ಯಾಸ ಕಂಡಿಲ್ಲ. ಕೋಟು ತೊಟ್ಟವರು ದುಂಡು ಮೇಜಿನ ಸುತ್ತ ಕೂತಿರುತ್ತಾರೆ. ಒಂದು ಹೆಸರು ಕೂಗುತ್ತಾರೆ. ಹುಡುಗ ಅಲ್ಲಿರುವುದಿಲ್ಲ, ಎಲ್ಲೋ ತನ್ನ ಮನೆಯಲ್ಲಿ ಅಪ್ಪ ಅಮ್ಮನ ಮಧ್ಯೆ ಕೂತು ತನ್ನ ಬೆಲೆ ಏರುವುದನ್ನು ನೋಡುತ್ತಿರುತ್ತಾನೆ. ಹೆಸರು ಮಾಡಿದವರನ್ನು ಕೊಳ್ಳುವುದರಲ್ಲಿ ಬುದ್ಧಿವಂತಿಕೆ ಬೇಕಿಲ್ಲ, ಹಣವಿದ್ದರೆ ಸಾಕು. ಇನ್ನೂ ಏನೂ ಮಾಡದ ಎಳೆಯನನ್ನು ಕೊಳ್ಳುವಾಗಲೇ ಮೇಜಿನ ಸುತ್ತ ಗುಸುಗುಸು ಹೆಚ್ಚುವುದು.

2015ರ ಹರಾಜಿನಲ್ಲಿ ನಮ್ಮ ಕೊಡಗಿನ ಹುಡುಗ ಕೆ.ಸಿ. ಕಾರಿಯಪ್ಪ ಅವರ ಹೆಸರು ಬಂತು. ವಯಸ್ಸು 20. ಅದುವರೆಗೆ ಒಂದು ರಣಜಿ ಪಂದ್ಯವನ್ನೂ ಆಡಿರಲಿಲ್ಲ. ಬೆರಳಿನಲ್ಲಿ ಏನೋ ಹೊಸ ತಿರುವು ಇದೆ ಎಂಬ ಸುದ್ದಿ ಮಾತ್ರ ಹಬ್ಬಿತ್ತು. ಮೂಲ ಬೆಲೆ 10 ಲಕ್ಷ ಇದ್ದದ್ದು ಏರುತ್ತಾ ಏರುತ್ತಾ 2 ಕೋಟಿ 40 ಲಕ್ಷಕ್ಕೆ ಹೋಗಿ ಕೋಲ್ಕತ್ತ ತಂಡದ ಪಾಲಾಯಿತು. ಆ ವರ್ಷ ಅವರಿಗೆ ಆಡಲು ಸಿಕ್ಕಿದ್ದು ಒಂದೇ ಪಂದ್ಯ. ಆ ಒಂದು ಪಂದ್ಯದಲ್ಲೂ ಎ.ಬಿ. ಡಿವಿಲಿಯರ್ಸ್ ಅಂಥವರ ವಿಕೆಟ್ ತೆಗೆದರು. ಮುಂದಿನ ವರ್ಷ ಆ ತಂಡ ಅವರನ್ನು ಇಟ್ಟುಕೊಳ್ಳಲಿಲ್ಲ. ಪಂಜಾಬ್ ತಂಡ 80 ಲಕ್ಷಕ್ಕೆ ಕೊಂಡಿತು.

ಹಣ ಬಂತಲ್ಲ, ಇನ್ನೇನು ಬೇಕು ಎಂದು ನನ್ನ ಯಜಮಾನರು ಹೇಳುತ್ತಾರೆ. ಹಣ ಬಂತು, ನಿಜ. ಆದರೆ ಹಣ ಬಂದ ಮರುಗಳಿಗೆಯಿಂದ ಆ ಹುಡುಗನನ್ನು ಜನ ನೋಡುವ ಕಣ್ಣು ಬೇರೆಯಾಗುತ್ತದೆ. ನಿನ್ನೆಯವರೆಗೆ ಕಲಿಯುವವನಾಗಿದ್ದವನು ಇಂದು ಸಾಬೀತು ಮಾಡಬೇಕಾದವನಾಗುತ್ತಾನೆ. ಕಲಿಯುವವನಿಗೆ ತಪ್ಪು ಮಾಡಲು ಅವಕಾಶವಿರುತ್ತದೆ. ಕೋಟಿಗೆ ಹೋದವನು ಒಂದು ಚೆಂಡು ತಪ್ಪು ಎಸೆದರೂ ಜನ ಬೆಲೆ ನೆನಪಿಸುತ್ತಾರೆ. ಹೊಸ ಸೊಸೆ ಮನೆಗೆ ಬಂದ ಮೊದಲ ವಾರ ಸಾರಿಗೆ ಉಪ್ಪು ಹೆಚ್ಚಾದರೆ ಏನಾಗುತ್ತದೆಂದು ಬಲ್ಲ ನಮಗೆ ಇದು ಅರ್ಥವಾಗದ ವಿಷಯವೇನಲ್ಲ.

ಇನ್ನೊಂದು ಕಥೆಯನ್ನೂ ಹೇಳಬೇಕು, ಇಲ್ಲವಾದರೆ ತೂಕ ಸರಿಯಾಗುವುದಿಲ್ಲ. 2023ರ ಫೆಬ್ರವರಿಯಲ್ಲಿ ಹೆಂಗಸರ ಕ್ರಿಕೆಟ್‌ಗೂ ಹರಾಜು ಬಂತು. ಆ ದಿನ ಬೆಂಗಳೂರು ತಂಡ ಸ್ಮೃತಿ ಮಂಧಾನ ಅವರಿಗೆ 3 ಕೋಟಿ 40 ಲಕ್ಷ ಕೊಟ್ಟಿತು. ಅದೇ ತಂಡ ಕಲಬುರಗಿ ಕಡೆಯ ಶ್ರೇಯಾಂಕಾ ಪಾಟೀಲ್ ಎಂಬ 20 ವರ್ಷದ ಹುಡುಗಿಯನ್ನು 10 ಲಕ್ಷಕ್ಕೆ ತೆಗೆದುಕೊಂಡಿತು. ಭಾರತ ತಂಡಕ್ಕೆ ಆಕೆ ಆಗಿನ್ನೂ ಆಡಿರಲಿಲ್ಲ. ಮೊದಲ ವರ್ಷ ಆಡಿಸಿದರು, ಕಲಿಸಿದರು. 2024ರ ಮಾರ್ಚ್ ಹೊತ್ತಿಗೆ ಇಡೀ ಪಂದ್ಯಾವಳಿಯಲ್ಲಿ ಎಲ್ಲರಿಗಿಂತ ಹೆಚ್ಚು ವಿಕೆಟ್ ಆಕೆಯದು, 13. ಫೈನಲ್‌ನಲ್ಲಿ ಬರೀ 12 ರನ್ ಕೊಟ್ಟು 4 ವಿಕೆಟ್. ಬೆಂಗಳೂರಿಗೆ ಮೊದಲ ಕಪ್ಪು ತಂದದ್ದು ಹೆಣ್ಣುಮಕ್ಕಳು ಎಂದು ಅವತ್ತು ನಮ್ಮ ಬೀದಿಯಲ್ಲಿ ಪಟಾಕಿ ಹೊಡೆದರು.

ನನಗೆ ಹಿಡಿಸಿದ್ದು ಪಟಾಕಿಯ ಆಮೇಲಿನ ಭಾಗ. ಗಾಯದಿಂದಾಗಿ ಶ್ರೇಯಾಂಕಾ 2025ರ ಪಂದ್ಯಾವಳಿಯನ್ನು ಪೂರ್ತಿ ಕಳೆದುಕೊಂಡರು. ಒಂದು ಚೆಂಡನ್ನೂ ಎಸೆಯಲಿಲ್ಲ. ಖೇಣಿಯ ಲೆಕ್ಕದಲ್ಲಿ ಅದು ಬರಿಗೊನೆಯ ವರ್ಷ. ಆದರೂ ಆ ವರ್ಷದ ಕೊನೆಗೆ, ದೊಡ್ಡ ಹರಾಜಿಗೆ ಮುಂಚೆ, ತಂಡ ತನ್ನಲ್ಲೇ ಉಳಿಸಿಕೊಂಡ ನಾಲ್ವರಲ್ಲಿ ಆಕೆಯೂ ಒಬ್ಬರಾಗಿದ್ದರು.

ಎರಡು ಕಥೆಯಲ್ಲೂ ಎಳೆಯರನ್ನು ಆರಿಸಿದ್ದಾರೆ. ಆರಿಸಿದ್ದರಿಂದಲೇ ಒಂದು ಸರಿ, ಇನ್ನೊಂದು ತಪ್ಪು ಎನ್ನಲು ಬರುವುದಿಲ್ಲ.

ಈಗ ನನ್ನ ಸ್ವಂತ ಕಾರಣಗಳಿಗೆ ಬರುತ್ತೇನೆ.

ಹೊನ್ನಾಳಿಯಲ್ಲಿ ನನ್ನ ತಂಗಿ ಇದ್ದಾಳೆ. ಅವಳ ಮಗ ಚಿಕ್ಕಂದಿನಿಂದ ಗಟ್ಟಿ ಮೈಯವನು. ನಮ್ಮ ದಾವಣಗೆರೆ ಸೀಮೆಯಲ್ಲಿ ಕುಸ್ತಿಯ ಹುಚ್ಚು ಎಷ್ಟೆಂದು ನಿಮಗೆ ಗೊತ್ತು. ಜಾತ್ರೆ ಅಂದರೆ ತೇರಿನಷ್ಟೇ ಕಣವೂ ಮುಖ್ಯ. ಹದಿಮೂರನೇ ವರ್ಷದಲ್ಲಿ ಅವನು ತನಗಿಂತ ದೊಡ್ಡವರನ್ನು ಕೆಡವುತ್ತಿದ್ದ. ಹೊರಗಿನ ಒಂದು ತರಬೇತಿ ಕೇಂದ್ರದವರು ಬಂದು ನೋಡಿ, ಈ ಹುಡುಗ ದೇಶಕ್ಕೆ ಹೆಸರು ತರುತ್ತಾನೆ ಎಂದು ಕರೆದುಕೊಂಡು ಹೋದರು. ತಂಗಿ ಅಳುತ್ತಲೇ ಹೋಳಿಗೆ ಮಾಡಿ ಕಟ್ಟಿಕೊಟ್ಟಳು. ಹದಿನಾರಕ್ಕೆ ಮಿಕ್ಕ ಹುಡುಗರೂ ಬೆಳೆದರು, ಇವನ ಮುಂಚಿನ ಮೇಲುಗೈ ಕರಗಿತು. ಹದಿನೇಳಕ್ಕೆ ಭುಜ ಜಾರಿತು. ಒಂದು ದಿನ ಟ್ರಂಕು ಹೊತ್ತುಕೊಂಡು ಒಬ್ಬನೇ ಬಸ್ಸಿನಿಂದ ಇಳಿದ. ಹತ್ತನೇ ತರಗತಿಯಲ್ಲಿ ಎರಡು ವಿಷಯ ಹೋಗಿದ್ದವು.

ಈಗ ಅವನು ಹೊನ್ನಾಳಿಯಲ್ಲಿ ಸಾಮಾನಿನ ಆಟೋ ಓಡಿಸುತ್ತಾನೆ. ಮದುವೆಯಾಗಿದೆ, ಚೆನ್ನಾಗಿದ್ದಾನೆ, ಯಾರನ್ನೂ ಬೈಯುವುದಿಲ್ಲ. ಒಮ್ಮೆ ಮಾತ್ರ ನನ್ನ ಹತ್ತಿರ ಅಂದ: "ದೊಡ್ಡಮ್ಮ, ಕರ್ಕೊಂಡು ಹೋಗೋಕೆ ನಾಲ್ಕು ಜನ ಬಂದಿದ್ರು. ಬಿಡೋಕೆ ಒಬ್ರೂ ಬರ್ಲಿಲ್ಲ."

ಅವನ ಗತಿ ನೋಡಿದ್ದೇ ನನಗೆ ದೊಡ್ಡ ಪಾಠವಾಯಿತು, ಅಥವಾ ಪಾಠವೆಂದು ನಾನು ತಿಳಿದೆ. ನನ್ನ ಮಗಳು ಹೈಸ್ಕೂಲಿನಲ್ಲಿ ಓಡುತ್ತಿದ್ದಳು. 800 ಮೀಟರ್ ಓಟದಲ್ಲಿ ತಾಲ್ಲೂಕಿಗೆ ಮೊದಲು. ಬರಿಗಾಲಲ್ಲಿ ಓಡಿ ಬಂದು ಸ್ಟೀಲ್ ಡಬ್ಬಿ ಬಹುಮಾನ ತಂದು ಅಡುಗೆಮನೆ ಕಟ್ಟೆಯ ಮೇಲಿಡುತ್ತಿದ್ದಳು. ಅವಳ ಮೇಷ್ಟರು ಮನೆಗೇ ಬಂದು, ಕಳಿಸಿಕೊಡಿ ಅಮ್ಮಾ, ದೊಡ್ಡ ಊರಲ್ಲಿ ತರಬೇತಿ ಕೊಡಿಸೋಣ ಅಂದರು. ನಾನು ಮೊದಲು ಹತ್ತನೇ ತರಗತಿ ಮುಗಿಯಲಿ ಅಂದೆ. ಮುಗಿಯಿತು. ಪಿಯುಸಿ ಆಗಲಿ ಅಂದೆ. ಆಯಿತು. ಅಷ್ಟರಲ್ಲಿ ಮೇಷ್ಟರಿಗೆ ವರ್ಗವಾಯಿತು, ಅವಳಿಗೆ ಗಂಡು ಬಂತು. ನನ್ನ ಮಗಳಿಗೆ ಯಾವ ಗಾಯವೂ ಆಗಲಿಲ್ಲ, ಯಾವ ಸೋಲೂ ಆಗಲಿಲ್ಲ. ಈಗ ಜಗಳೂರಿನಲ್ಲಿ ಶಾಲೆಯ ಟೀಚರು.

ಎರಡು ವರ್ಷದ ಹಿಂದೆ ಅವಳ ಶಾಲೆಯ ಕ್ರೀಡೋತ್ಸವಕ್ಕೆ ಹೋಗಿದ್ದೆ. ಜಗಳೂರಿನ ಬಿಸಿಲು ನಮ್ಮ ಚನ್ನಗಿರಿಯ ತೋಟದವರಿಗೆ ತಡೆಯುವಂಥದ್ದಲ್ಲ. ಸುತ್ತ ಮೆಕ್ಕೆಜೋಳದ ಹೊಲ, ನಡುವೆ ಸುಣ್ಣದ ಗೆರೆ ಹಾಕಿದ ಬಯಲು. ಅವಳು ಸೀಟಿ ಊದಿ ಹುಡುಗಿಯರನ್ನು ಓಡಿಸುತ್ತಿದ್ದಳು. ಅವರ ಜೊತೆ ಗೆರೆಯ ಹೊರಗೆ ತಾನೂ ಸೀರೆ ಎತ್ತಿ ಕಟ್ಟಿ ಅರ್ಧ ಸುತ್ತು ಓಡಿದಳು. ರಾತ್ರಿ ಊಟಕ್ಕೆ ಕೂತಾಗ ತಡೆಯಲಾರದೆ ಕೇಳಿದೆ: "ನಾನು ಅವತ್ತು ಬೇಡ ಅಂದಿದ್ದಕ್ಕೆ ನಿನಗೆ ಬೇಜಾರಿದೆಯೇನೇ?"

ಅವಳು ರೊಟ್ಟಿ ಮುರಿಯುತ್ತಾ ಅಂದಳು: "ಬೇಜಾರಿಲ್ಲಮ್ಮ. ನಾನು ಎಷ್ಟು ಜೋರಾಗಿ ಓಡಬಹುದಿತ್ತು ಅಂತ ನನಗೇ ಗೊತ್ತಾಗಲಿಲ್ಲವಲ್ಲ, ಅದೊಂದು."

ಆ ಮಾತು ನನ್ನ ಎದೆಯಲ್ಲಿ ಇಂದಿಗೂ ಕೂತಿದೆ. ತಂಗಿಯ ಮಗನ ಸೋಲು ಎಲ್ಲರಿಗೂ ಕಾಣಿಸಿತು. ಟ್ರಂಕು ಇತ್ತು, ಜಾರಿದ ಭುಜ ಇತ್ತು. ನನ್ನ ಮಗಳು ಕಳೆದುಕೊಂಡದ್ದಕ್ಕೆ ಗುರುತೇ ಇಲ್ಲ, ಆದ್ದರಿಂದ ಅದನ್ನು ಯಾರೂ ನಷ್ಟದ ಪಟ್ಟಿಯಲ್ಲಿ ಬರೆಯಲಿಲ್ಲ. ಬೇಗ ಆರಿಸಿ ಕೆಟ್ಟರೆ ಊರೆಲ್ಲ ಆಡಿಕೊಳ್ಳುತ್ತದೆ. ಕಾಯಿಸಿ ಕಾಯಿಸಿ ಕೆಡಿಸಿದರೆ ಜಾಣೆ ತಾಯಿ ಎನ್ನಿಸಿಕೊಳ್ಳಬಹುದು.

ಇಲ್ಲಿ ನಾವು ಹೆಂಗಸರು ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳಬೇಕು. ಆಟಕ್ಕೆ, ಓದಿಗೆ, ದೂರದ ಕೆಲಸಕ್ಕೆ ಹುಡುಗಿಯನ್ನು ಕೇಳಿದರೆ ಇನ್ನೂ ಎಳೆಯದು ಎನ್ನುತ್ತೇವೆ. ಅದೇ ಹುಡುಗಿಯನ್ನು ಮದುವೆಗೆ ಕೇಳಿದರೆ ವಯಸ್ಸು ಮೀರುತ್ತಿದೆ ಎನ್ನುತ್ತೇವೆ. ನನಗೆ 1978ರಲ್ಲಿ ಮದುವೆಯಾದಾಗ ಹತ್ತೊಂಬತ್ತು. ನೋಡಲು ಬಂದವರು ಅರ್ಧ ಗಂಟೆ ಕೂತು, ಉಪ್ಪಿಟ್ಟು ತಿಂದು, ನನ್ನ ಮುಂದಿನ ಐವತ್ತು ವರ್ಷವನ್ನು ಆರಿಸಿಕೊಂಡು ಹೋದರು. ಇದು ಅವಸರದ ಆಯ್ಕೆ ಎಂದು ಅಂದು ಯಾರಿಗೂ ಅನಿಸಲಿಲ್ಲ. ಆದ್ದರಿಂದ ಎಳೆಯದು, ಮಾಗಲಿ ಎಂಬ ಮಾತು ನಮ್ಮ ಬಾಯಿಂದ ಬಂದಾಗ, ಅದು ಮಗುವಿನ ಮೇಲಿನ ಕರುಣೆಯೋ ನಮ್ಮ ಅಂಜಿಕೆಯೋ ಎಂದು ಒಮ್ಮೆ ಒಳಗೆ ನೋಡಿಕೊಳ್ಳುವುದು ಒಳ್ಳೆಯದು.

ತಾನೇ ಮಾಗಿ ಬಂದವರೂ ಇದ್ದಾರೆ ಎಂದು ನೀವು ಹೇಳಬಹುದು. ಇದ್ದಾರೆ. ನಮ್ಮ ದಾವಣಗೆರೆಯ ಆರ್. ವಿನಯ್ ಕುಮಾರ್ ಅವರೇ ಇದ್ದಾರಲ್ಲ. ಆಟೋ ಓಡಿಸುವವರ ಮಗ. ಇಪ್ಪತ್ತನೇ ವರ್ಷದಲ್ಲಿ ಕರ್ನಾಟಕಕ್ಕೆ ರಣಜಿ ಆಡಿದರು, ಆಮೇಲೆ ಭಾರತಕ್ಕೂ ಆಡಿದರು. ಅವರ ನಾಯಕತ್ವದಲ್ಲಿ ಕರ್ನಾಟಕ 2013–14 ಮತ್ತು 2014–15, ಸತತ ಎರಡು ವರ್ಷ ರಣಜಿ ಗೆದ್ದಿತು. ದಾವಣಗೆರೆ ಎಕ್ಸ್‌ಪ್ರೆಸ್ ಎಂದೇ ಹೆಸರಾಯಿತು. ಅವರ ಹೆಸರು ಹೇಳುವಾಗ ನಮಗೆ ಹೆಮ್ಮೆಯಾಗುತ್ತದೆ. ಆದರೆ ಬಯಲುಸೀಮೆಯಿಂದ ಹೀಗೆ ಹೊರಟು ದಡ ಮುಟ್ಟಿದವರ ಹೆಸರನ್ನು ಬೆರಳಲ್ಲಿ ಎಣಿಸಬಹುದು. ಮುಟ್ಟದವರ ಹೆಸರನ್ನು ಬರೆದಿಟ್ಟವರಿಲ್ಲ. ಒಬ್ಬರು ಈಜಿ ದಾಟಿದರೆಂದು ಹೊಳೆಗೆ ಸೇತುವೆ ಬೇಡ ಎನ್ನಲಾದೀತೇ?

ಅಮೆರಿಕದಲ್ಲಿರುವ ನನ್ನ ಮಗ ಭಾನುವಾರ ಫೋನ್ ಮಾಡುತ್ತಾನೆ. ಅವನ ಹತ್ತಿರ ಈ ಗೊಂದಲ ಹೇಳಿಕೊಂಡೆ. ಅವನು ನಕ್ಕು, "ಅಮ್ಮ, ಇಲ್ಲಿ ಪ್ರತಿ ವಸಂತದಲ್ಲೂ ಇದೇ ಜಗಳ" ಅಂದ. ಅಲ್ಲಿನವರ ಫುಟ್‌ಬಾಲ್ ನಮ್ಮದಲ್ಲ, ಕೈಯಲ್ಲಿ ಚೆಂಡು ಹಿಡಿದು ಆಡುವಂಥದ್ದು. ಅದರಲ್ಲಿ ಕ್ವಾರ್ಟರ್‌ಬ್ಯಾಕ್ ಎಂದರೆ ಇಡೀ ತಂಡವನ್ನು ಆಡಿಸುವವನು, ಮದುವೆಮನೆಯ ಅಡುಗೆ ಭಟ್ಟರಿದ್ದಂತೆ. ಅವನು ಕೆಟ್ಟರೆ ಉಳಿದವರು ಎಷ್ಟು ಒಳ್ಳೆಯವರಿದ್ದರೂ ಪಂಕ್ತಿ ಕೆಡುತ್ತದೆ. ಕಾಲೇಜಿನಲ್ಲಿ ಆಡುವ ಹುಡುಗರನ್ನು ವೃತ್ತಿ ತಂಡಗಳು ವರ್ಷಕ್ಕೊಮ್ಮೆ ಸರದಿಯಲ್ಲಿ ಆರಿಸುತ್ತವೆ. ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ. ಒಂದು ಕಟ್ಟು ಮಾತ್ರ ಉಂಟು: ಹೈಸ್ಕೂಲು ಮುಗಿಸಿ ಮೂರು ವರ್ಷವಾಗದ ಹುಡುಗನನ್ನು ಯಾರೂ ಮುಟ್ಟುವಂತಿಲ್ಲ. ಇದು ನನಗೆ ಒಳ್ಳೆಯದೆನಿಸಿತು.

ಮೊದಲ ಸರದಿಯಲ್ಲೇ ಕ್ವಾರ್ಟರ್‌ಬ್ಯಾಕ್ ಹುಡುಗನನ್ನು ಆರಿಸಬೇಕೇ, ಬೇಡವೇ ಎಂಬುದು ಅವರ ಜಗಳ. 2007ರಲ್ಲಿ ಎಲ್ಲರಿಗಿಂತ ಮೊದಲು ಆರಿಸಲ್ಪಟ್ಟ ಜಮಾರ್ಕಸ್ ರಸೆಲ್ ಅವರನ್ನು ಮೂರೇ ವರ್ಷಕ್ಕೆ ತಂಡ ಕೈಬಿಟ್ಟಿತು. 2000ದಲ್ಲಿ 198 ಜನರನ್ನು ಆರಿಸಿದ ಮೇಲೆ 199ನೆಯವರಾಗಿ ಟಾಮ್ ಬ್ರೇಡಿ ಸಿಕ್ಕರು, ಅವರು ಏಳು ಸಲ ದೊಡ್ಡ ಕಪ್ಪು ಗೆದ್ದರು. ಅಂದರೆ ಆರಿಸುವವರ ಕಣ್ಣು ಎರಡೂ ಕಡೆ ತಪ್ಪುತ್ತದೆ. ನಮ್ಮ ಖೇಣಿದಾರನೂ ಎಷ್ಟೋ ಸಲ ಗೊನೆ ನೋಡಿ ಮೋಸಹೋಗುತ್ತಾನೆ.

ಮಗ ಹೇಳಿದ ಮೂರನೆಯ ಕಥೆಯೇ ನನಗೆ ಬೇಕಾಗಿದ್ದದ್ದು. 2017ರಲ್ಲಿ ಕ್ಯಾನ್ಸಸ್ ಸಿಟಿ ತಂಡ ತನ್ನ 27ನೇ ಸರದಿಯನ್ನೂ ಮುಂದಿನ ವರ್ಷದ ಮೊದಲ ಸರದಿಯನ್ನೂ ಬಿಟ್ಟುಕೊಟ್ಟು, 10ನೇ ಸರದಿಗೆ ಹಾರಿ, ಪ್ಯಾಟ್ರಿಕ್ ಮಹೋಮ್ಸ್ ಎಂಬ ಹುಡುಗನನ್ನು ಆರಿಸಿತು. ಅಷ್ಟು ಆಸೆಪಟ್ಟು ತಂದವರು ಮೊದಲ ವರ್ಷ ಆಡಿಸಿದ್ದು ಒಂದೇ ಪಂದ್ಯ. ಹಳೆಯ ಆಟಗಾರನ ಹಿಂದೆ ನಿಂತು ನೋಡು, ಕಲಿ ಅಂದರು. ಎರಡನೇ ವರ್ಷ ಅವರು ಇಡೀ ದೇಶದ ಶ್ರೇಷ್ಠ ಆಟಗಾರ ಎನಿಸಿಕೊಂಡರು. ಮೂರನೇ ವರ್ಷಕ್ಕೆ ತಂಡಕ್ಕೆ ಕಪ್ಪು.

ನಮ್ಮಲ್ಲೂ ಇಂಥದ್ದು ಕಂಡಿದ್ದೇವೆ. 2024ರ ನವೆಂಬರ್‌ನಲ್ಲಿ ಬಿಹಾರದ ವೈಭವ್ ಸೂರ್ಯವಂಶಿ ಎಂಬ ಹದಿಮೂರು ವರ್ಷದ ಹುಡುಗನಿಗೆ ರಾಜಸ್ಥಾನ ತಂಡ 1 ಕೋಟಿ 10 ಲಕ್ಷ ಕೊಟ್ಟಾಗ, ಇದೇನು ಅನ್ಯಾಯ, ಹಾಲು ಹಲ್ಲು ಬಿದ್ದಿದೆಯೋ ಇಲ್ಲವೋ ಎಂದು ನಾನೂ ಅಂದಿದ್ದೆ. ಆಗ ಆ ತಂಡದ ಗುರುವಾಗಿದ್ದವರು ನಮ್ಮ ಬೆಂಗಳೂರಿನ ರಾಹುಲ್ ದ್ರಾವಿಡ್. ಹುಡುಗನನ್ನು ಮೊದಲ ಏಳು ಪಂದ್ಯ ಹೊರಗೇ ಕೂರಿಸಿದರು. ಎಂಟನೆಯದಕ್ಕೆ ಇಳಿಸಿದರು. 2025ರ ಏಪ್ರಿಲ್ 28ರಂದು ಜೈಪುರದಲ್ಲಿ ಆ ಹುಡುಗ 35 ಚೆಂಡಿನಲ್ಲಿ ನೂರು ಹೊಡೆದಾಗ, ಕಾಲಿಗೆ ಪೆಟ್ಟಾಗಿ ಗಾಲಿಕುರ್ಚಿಯಲ್ಲಿದ್ದ ದ್ರಾವಿಡ್ ಎದ್ದೇ ನಿಂತುಬಿಟ್ಟರು. ಆ ಹುಡುಗನ ಮುಂದಿನ ದಾರಿ ಏನಾಗುತ್ತದೋ ದೇವರಿಗೆ ಗೊತ್ತು. ಆದರೆ ಆರಿಸಿದವರು ಮೊದಲು ಕಾದರು ಎಂಬುದು ನನಗೆ ಮುಖ್ಯವಾಗಿ ಕಂಡಿತು.

ಎರಡನೇ ದಿನ ಸಂಜೆ ಅಣ್ಣನ ಮಗಳನ್ನು ತೋಟಕ್ಕೆ ಕರೆದುಕೊಂಡು ಹೋದೆ. ಮೂಲೆಯಲ್ಲಿ ಹೋದ ವರ್ಷ ಇಟ್ಟ ಅಡಿಕೆ ಸಸಿಗಳಿವೆ. ಅವನ್ನು ಆರಿಸಿದ್ದು ಇನ್ನೂ ಬೇಗ, ಗೋಟು ಅಡಿಕೆಯಾಗಿದ್ದಾಗಲೇ. ಒಳ್ಳೆಯ ಮರ ನೋಡಿ, ಬೀಜ ನೋಡಿ, ಪಾತಿಯಲ್ಲಿ ಒಂದೂವರೆ ವರ್ಷ ಬೆಳೆಸಿ ತಂದು ನೆಟ್ಟದ್ದು. ನೆಟ್ಟ ಮೇಲೆ ಬಿಸಿಲಿಗೆ ಬಾಡದಂತೆ ನಡುವೆ ಬಾಳೆ ಹಾಕಿದ್ದೇವೆ. ಮೊದಲ ಗೊನೆ ಕಾಣಲು ಐದಾರು ವರ್ಷ ಬೇಕು. ಅಲ್ಲಿಯವರೆಗೆ ಆ ಸಸಿ ನಮಗೆ ಕೊಡುವುದೇನೂ ಇಲ್ಲ, ಕೊಡುವವರು ನಾವೇ.

ನೋಡುತ್ತಾ ನಿಂತಾಗ ನನ್ನ ಪ್ರಶ್ನೆ ತಾನಾಗಿ ಬದಲಾಯಿತು. ಸಸಿ ನೆಡುವವನೂ ಬೇಗ ಆರಿಸುತ್ತಾನೆ, ಖೇಣಿದಾರನೂ ಫಸಲು ಕೈಗೆ ಬರುವ ಮುಂಚೆ ಆರಿಸುತ್ತಾನೆ. ಒಬ್ಬನು ಆರಿಸಿದ ಮೇಲೆ ನೆರಳು ಕೊಟ್ಟು ಕಾಯುತ್ತಾನೆ. ಇನ್ನೊಬ್ಬನು ಆ ವರ್ಷವೇ ಲೆಕ್ಕ ಮುಗಿಸುತ್ತಾನೆ. ಮರಕ್ಕಾದರೆ ಖೇಣಿಯಿಂದ ತೊಂದರೆಯಿಲ್ಲ, ಮುಂದಿನ ವರ್ಷ ಮತ್ತೆ ಹೊಂಬಾಳೆ ಬಿಡುತ್ತದೆ. ಮಗುವಿನ ಹದಿಮೂರನೇ ವರ್ಷ ಮತ್ತೊಮ್ಮೆ ಬರುವುದಿಲ್ಲ. ಆದ್ದರಿಂದ ಮಕ್ಕಳನ್ನು ಖೇಣಿ ಹಿಡಿಯಬಾರದು. ಬೇಗ ಆರಿಸುವ ಹಕ್ಕು ಯಾರಿಗೆ ಬೇಕೋ ಅವರು ತಡವಾಗಿ ಫಲ ಪಡೆಯುವ ಋಣವನ್ನೂ, ಆಯ್ಕೆ ತಪ್ಪಿದರೆ ಅದರ ಭಾರವನ್ನೂ ತಾವೇ ಹೊರಬೇಕು. ತಂಡಕ್ಕೂ ಇದೇ ಮಾತು, ತರಬೇತಿ ಕೇಂದ್ರಕ್ಕೂ ಇದೇ ಮಾತು. ಸೊಸೆ ತರುವ ನಮಗೂ ಇದೇ.

ತಂಡಗಳಿಗೆ ಗೆಲ್ಲಬೇಕಾದ ಒತ್ತಡವಿದೆ, ಅವೇನು ಅನಾಥಾಲಯವೇ ಎಂದು ಕೇಳುವವರಿದ್ದಾರೆ. ಒಪ್ಪುತ್ತೇನೆ. ಈ ವರ್ಷವೇ ಗೆಲ್ಲಬೇಕಾದವರು ಮಾಗಿದವರನ್ನು ಕೊಳ್ಳಲಿ. ಎಳೆಯರನ್ನು ತಂದು ಈ ವರ್ಷವೇ ಗೆಲ್ಲಿಸು ಎನ್ನುವುದು ಮಾತ್ರ ನ್ಯಾಯವಲ್ಲ.

ಹಾಗಾಗಿ ನಾವು ಮೂವರೂ ಕೂತು ಒಂದು ಹಾಳೆಯಲ್ಲಿ ಪ್ರಶ್ನೆ ಬರೆದೆವು. ಹುಡುಗಿಯೇ ಬರೆದಳು, ಅವಳ ಅಕ್ಷರ ದುಂಡಗಿದೆ. ಆಟದ ಜೊತೆ ಶಾಲೆಯ ಪಾಠ ದಿನಕ್ಕೆ ಎಷ್ಟು ಹೊತ್ತು? ಕಾಯಿಲೆಯಾದರೆ, ಪೆಟ್ಟಾದರೆ ಯಾರು ನೋಡುತ್ತಾರೆ, ಎಷ್ಟು ದಿನ ಕಾಯುತ್ತಾರೆ? ಮೂರನೆಯದು ಎತ್ತರದ ವಿಷಯ. ಹದಿಮೂರಕ್ಕೆ ಎತ್ತರವಾಗಿ ಕಾಣುವವಳು ಬೇಗ ಬೆಳೆದವಳಷ್ಟೇ ಆಗಿರಬಹುದು, ಮಿಕ್ಕವರು ಆಮೇಲೆ ಅವಳನ್ನು ಮೀರಬಹುದು. ಕೆನಡಾದಲ್ಲಿ ಆಯ್ಕೆಯಾದ ಹಾಕಿ ಹುಡುಗರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು ಎಂದು 1980ರ ದಶಕದಲ್ಲೇ ಕಂಡುಕೊಂಡಿದ್ದರಂತೆ. ಆರೇಳು ತಿಂಗಳು ದೊಡ್ಡವರಾದ್ದರಿಂದ ಚೆನ್ನಾಗಿ ಆಡುವವರಂತೆ ಕಾಣುತ್ತಾರೆ, ಅಷ್ಟೇ. ಇದನ್ನು ಹೇಳಿದವನೂ ನನ್ನ ಮಗನೇ. ಅದಕ್ಕೆ ಮೂರನೇ ಪ್ರಶ್ನೆ ಹೀಗೆ: ಇವಳ ಎತ್ತರ ಇಲ್ಲಿಗೇ ನಿಂತರೆ ಇವಳನ್ನು ಏನು ಮಾಡುತ್ತೀರಿ?

ಹಾಳೆ ಮಡಿಸುವಾಗ ಹುಡುಗಿಯನ್ನು ಕೇಳಿದೆ, "ನಿನಗೇನನ್ಸುತ್ತೆ?" ಎರಡು ದಿನ ಅವಳ ಬಗ್ಗೆ ನಾವೆಲ್ಲ ಮಾತಾಡಿದ್ದೆವು, ಅವಳನ್ನು ಕೇಳಿದ್ದು ಅದೇ ಮೊದಲು. ನಾಚಿಕೆಯಾಯಿತು. ಅವಳು, "ಹೋಗ್ಬೇಕು ಅನ್ಸುತ್ತೆ ಅಜ್ಜಿ. ಆಗ್ಲಿಲ್ಲ ಅಂದ್ರೆ ವಾಪಸ್ ಬರ್ಬಹುದು ಅಲ್ವಾ?" ಅಂದಳು. ಬರಬಹುದು, ಬಾಗಿಲು ತೆಗೆದೇ ಇರುತ್ತದೆ ಅಂದೆ.

ಜೂನ್‌ನಲ್ಲಿ ಬಿಡಲು ಹೊರಟಾಗ ಹೊನ್ನಾಳಿಯಿಂದ ತಂಗಿಯ ಮಗನೂ ಬಂದ. ಆ ದಿನದ ಬಾಡಿಗೆ ಬಿಟ್ಟು ಬಂದಿದ್ದ. ಅಲ್ಲಿನವರು ನಮ್ಮ ಹಾಳೆ ಓದಿ ಮೊದಲ ಎರಡಕ್ಕೆ ಸಮಾಧಾನವಾಗುವಂತೆ ಉತ್ತರಿಸಿದರು. ಮೂರನೆಯದಕ್ಕೆ, ನೋಡೋಣಮ್ಮ, ಹಾಗೆಲ್ಲ ಯಾಕೆ ಯೋಚಿಸುತ್ತೀರಿ ಅಂದರು. ಆಗ ಅದುವರೆಗೆ ಮೂಲೆಯಲ್ಲಿ ಸುಮ್ಮನೆ ನಿಂತಿದ್ದ ತಂಗಿಯ ಮಗ ಮುಂದೆ ಬಂದು ಕೈಮುಗಿದು ಕೇಳಿದ: "ಸಾರ್, ವಾಪಸ್ ಕಳಿಸೋದಾದ್ರೆ ಮನೆ ತನಕ ಯಾರು ಕರ್ಕೊಂಡು ಬರ್ತೀರ?"

ಅವರು ಸ್ವಲ್ಪ ಹೊತ್ತು ಅವನ ಮುಖ ನೋಡಿದರು. ಆಮೇಲೆ, "ನಾನೇ ಬರ್ತೀನಪ್ಪ" ಅಂದು ತಮ್ಮ ಫೋನ್ ನಂಬರನ್ನು ಹಾಳೆಯ ಕೆಳಗೆ ಬರೆದುಕೊಟ್ಟರು. ಆ ಹಾಳೆ ಈಗ ನ್ಯಾಮತಿಯ ಮನೆಯಲ್ಲಿ ದೇವರ ಗೂಡಿನಲ್ಲಿದೆ.

ಮಾಡಿದ್ದು ಸರಿಯೇ ಎಂದು ನೀವು ಕೇಳಿದರೆ ಎದೆ ಮುಟ್ಟಿ ಹೇಳಲಾರೆ. ಹೋದ ಮೇಲೆ ಮೊದಲ ಭಾನುವಾರ ಹುಡುಗಿ ಫೋನ್ ಮಾಡಿದಳು. ಸ್ವರದಲ್ಲಿ ಸ್ವಲ್ಪ ಮುನಿಸಿತ್ತು. "ಅಜ್ಜಿ, ಆಡೋಕೇ ಬಿಡ್ತಿಲ್ಲ. ದೊಡ್ಡ ಅಕ್ಕಂದಿರು ಆಡ್ತಾರೆ, ನಾನು ಬರೀ ಚೆಂಡು ಹೆಕ್ಕಿ ಕೊಡೋದು. ಇನ್ನೂ ಆರು ತಿಂಗಳು ಹಿಂಗೇ ಅಂತೆ."

ನನಗೆ ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.